ಕನ್ನಡ ಲಿಪಿಯ ಅಂತರಜಾಲ ವಿಳಾಸ: ‘.ಭಾರತ’ ಡೊಮೇನ್ ಸೇವೆಯನ್ನು ಬಳಸಿ ನೋಡಿದಾಗ

ಜಾಲತಾಣದ ವಿಳಾಸವನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಕನ್ನಡ ಲಿಪಿಯಲ್ಲೇ ಬರೆಯುವ ಸೌಲಭ್ಯ ಇದೆಯೆಂಬುದು ಕನ್ನಡದ ಬಹುಪಾಲು ಓದುಗರಿಗೆ ಮಾತ್ರವಲ್ಲ, ಜಾಲತಾಣ ಕಟ್ಟಿಕೊಡುವುದನ್ನೇ ವೃತ್ತಿ ಮಾಡಿಕೊಂಡಿರುವ ಹಲವರಿಗೂ ತಿಳಿದಿಲ್ಲ. ‘.ಕಾಮ್’ ಅಥವಾ ‘.ಇನ್’ ಬರುವ ಜಾಗದಲ್ಲಿ ಕನ್ನಡ ಅಕ್ಷರಗಳಲ್ಲೇ ‘.ಭಾರತ’ ಎಂದು ಬರುವ ಈ ಡೊಮೇನ್ ಹೆಸರುಗಳನ್ನು ನಿಕ್ಸಿ ಎಂಬ ಸಂಕ್ಷಿಪ್ತ ಹೆಸರಿನಿಂದ ಪರಿಚಿತವಾಗಿರುವ ರಾಷ್ಟ್ರೀಯ ಅಂತರಜಾಲ ವಿನಿಮಯ ಸಂಸ್ಥೆ ನಿರ್ವಹಿಸುತ್ತದೆ. ಗ್ರಾಹಕರಿಗೆ ಮಾರುವವರು ಅದರ ಮಾನ್ಯತೆ ಪಡೆದ ನೋಂದಣಿ ಕಂಪನಿಗಳು. ಮಲೆನಾಡಿನ ಒಂದು ಮಹಿಳಾ ಸ್ವಸಹಾಯ ಸಂಘದ ಉಪ್ಪಿನಕಾಯಿ, ಹಪ್ಪಳಗಳ ಮಾರಾಟಕ್ಕಾಗಿ ಅಂಥದೊಂದು ಹೆಸರನ್ನು ಕೊಂಡು, ಅದರಲ್ಲಿ ಜಾಲತಾಣ ನಡೆಸಿ, ಇಮೇಲನ್ನೂ ನಡೆಸಲು ಪ್ರಯತ್ನಿಸಿದ ಅನುಭವದ ಆಧಾರದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡಬಹುದು: ಹೆಸರು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದನ್ನು ಒಪ್ಪಿಕೊಳ್ಳಬೇಕಾದ ಕಚೇರಿ, ಕಂಪನಿ, ತಂತ್ರಾಂಶಗಳು ಇನ್ನೂ ಅದನ್ನು ಹೆಸರೆಂದೇ ಗುರುತಿಸುವುದಿಲ್ಲ.

ಇಂಗ್ಲಿಷ್ ವಿಳಾಸವೊಂದು ಆಗಲೇ ಇದ್ದ ಸಂಘಕ್ಕೆ ಇದು ಏಕೆ ಬೇಕಾಯಿತು ಎಂದು ಕೇಳಬಹುದು. ಡಿಜಿಟಲ್ ಅಂತರದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಮೊಬೈಲ್ ಗೋಪುರ, ಕೇಬಲ್ ಮತ್ತು ಡೇಟಾ ದರದ ಸುತ್ತಲೇ ಸುತ್ತುತ್ತದೆ. ಜಗತ್ತಿನಲ್ಲಿ ಇನ್ನೂ 260 ಕೋಟಿ ಜನ ಅಂತರಜಾಲದ ಹೊರಗಿದ್ದಾರೆ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2024ರಲ್ಲಿ ಅಂದಾಜು ಮಾಡಿರುವಾಗ ಆ ಚರ್ಚೆ ಅಗತ್ಯವೇ. ಆದರೆ ಈ ಸಂಘದ ಸದಸ್ಯೆಯರ ಮನೆಗಳಲ್ಲಿ ಫೋನ್ ಇದೆ, ಗುಡ್ಡದ ತಿರುವಿನಲ್ಲಿ ಬಿಟ್ಟರೆ ಸಿಗ್ನಲ್ಲೂ ಇದೆ. ಅವರಿಗಿಲ್ಲದ್ದು ತಮ್ಮದೇ ಅಂಗಡಿಯ ವಿಳಾಸವನ್ನು ತಾವೇ ಓದುವ, ಗ್ರಾಹಕರಿಗೆ ಹೇಳಿ ಬರೆಸುವ ಸಾಧ್ಯತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಪುರುಷರಲ್ಲಿ ಶೇ. 62ರಷ್ಟು ಮಂದಿ ಒಮ್ಮೆಯಾದರೂ ಅಂತರಜಾಲ ಬಳಸಿದ್ದರು. ಮಹಿಳೆಯರಲ್ಲಿ ಆ ಪ್ರಮಾಣ ಶೇ. 35 ಮಾತ್ರ. ಈ ವ್ಯತ್ಯಾಸಕ್ಕೆ ಲಿಪಿಯೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿಯವರೆಗೆ ಓದಿದ ಹೆಂಗಸೊಬ್ಬರಿಗೆ ‘ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ’ ಇಂದ ಶುರುವಾಗುವ ಸಾಲು ಪರರದ್ದಾಗಿಯೇ ಉಳಿಯುತ್ತದೆ ಎಂಬುದನ್ನಂತೂ ಕಣ್ಣಾರೆ ಕಂಡಿದ್ದೇನೆ.

ಈ ಸೇವೆ ನಮ್ಮವರೆಗೆ ಬಂದ ದಾರಿಯನ್ನು ತಿಳಿಯದೆ ಅದರ ಗುಣದೋಷಗಳನ್ನು ತೂಗುವುದು ಕಷ್ಟ. ಅಂತರಜಾಲದ ಹೆಸರು ವ್ಯವಸ್ಥೆ ಹುಟ್ಟಿದ್ದು ಇಂಗ್ಲಿಷಿನ 26 ಅಕ್ಷರ, ಹತ್ತು ಅಂಕಿ ಮತ್ತು ಒಂದು ಅಡ್ಡಗೆರೆಯೊಂದಿಗೆ. ಬೇರೆ ಲಿಪಿಗಳಿಗೆ ಅವಕಾಶ ಕೊಡುವ ತಾಂತ್ರಿಕ ಮಾನಕ 2003ರಲ್ಲೇ ಬಂದರೂ ವಿಳಾಸದ ಕೊನೆಯ ಭಾಗ ಮಾತ್ರ ಇಂಗ್ಲಿಷಿನಲ್ಲೇ ಇರಬೇಕಾಗಿತ್ತು. ಜಾಗತಿಕ ಮಟ್ಟದಲ್ಲಿ ಹೆಸರುಗಳನ್ನು ನಿಯಂತ್ರಿಸುವ ಐಕ್ಯಾನ್ ಸಂಸ್ಥೆ 2009ರ ಅಕ್ಟೋಬರ್‌ನಲ್ಲಿ ಸೋಲ್ ನಗರದಲ್ಲಿ ಸಭೆ ಸೇರಿ ಆ ಗೋಡೆಯನ್ನೂ ತೆರವುಗೊಳಿಸಿತು. ಮುಂದಿನ ಮೇ ತಿಂಗಳಲ್ಲಿ ಈಜಿಪ್ಟ್, ಸೌದಿ ಅರೇಬಿಯಾ ಮತ್ತು ಸಂಯುಕ್ತ ಅರಬ್ ಸಂಸ್ಥಾನಗಳು ತಮ್ಮ ದೇಶದ ಹೆಸರನ್ನು ಅರಬ್ಬಿ ಲಿಪಿಯಲ್ಲಿ ಅಂತರಜಾಲದ ಬೇರಿಗೇ, ಅಂದರೆ ವಿಳಾಸಗಳ ಕೊನೆಯ ಭಾಗಗಳ ಮೂಲಪಟ್ಟಿಗೇ, ಸೇರಿಸಿಕೊಂಡವು. 2011ರಲ್ಲಿ ಭಾರತಕ್ಕೆ ದೊರೆತ ಮೊದಲ ಏಳು ಹೆಸರುಗಳಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಗುರುಮುಖಿ, ತಮಿಳು, ತೆಲುಗು ಮತ್ತು ಉರ್ದು ಇದ್ದವು. ಕನ್ನಡ, ಮಲಯಾಳಂ, ಒಡಿಯಾಗಳು ಇರಲಿಲ್ಲ. ದೇವನಾಗರಿಯ ‘ಭಾರತ್’ 2014ರ ಆಗಸ್ಟ್‌ನಲ್ಲಿ ಸಾರ್ವಜನಿಕ ಬಳಕೆಗೆ ತೆರೆದುಕೊಂಡಾಗಲೂ ನಾವು ಸರತಿಯಲ್ಲೇ ನಿಂತಿದ್ದೆವು. ನಂತರದ ಎಂಟು ಹೆಸರುಗಳ ಕಂತಿನಲ್ಲಿ ಕನ್ನಡದ ‘.ಭಾರತ’ ಸೇರಿತು. ಈಗ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೆ ಒಟ್ಟು 15 ರೂಪಗಳು ಲಭ್ಯ ಇವೆ. ಇಷ್ಟು ಲಿಪಿಗಳಲ್ಲಿ ತನ್ನ ಹೆಸರನ್ನು ಅಂತರಜಾಲದ ಬೇರಿನಲ್ಲಿ ಬರೆಸಿಕೊಂಡ ದೇಶ ಮತ್ತೊಂದಿಲ್ಲ; ಈ ಶ್ರೇಯಸ್ಸನ್ನು ನಿಕ್ಸಿಗೂ ಅದರ ಹಿಂದೆ ಭಾಷಾ ನಿಯಮಗಳನ್ನು ರೂಪಿಸಿದ, ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್‌ಗೂ ಕೊಡಲೇಬೇಕು.

ನನಗೆ ಈ ಸೇವೆಯಲ್ಲಿ ಅತ್ಯಂತ ಮೆಚ್ಚುಗೆಯಾದ ಭಾಗ ಗ್ರಾಹಕರ ಕಣ್ಣಿಗೆ ಬೀಳುವುದೇ ಇಲ್ಲ. ಯಾವ ಅಕ್ಷರಗಳು ಯಾವ ಕ್ರಮದಲ್ಲಿ ಬಂದರೆ ಅದು ಸರಿಯಾದ ಕನ್ನಡ ಹೆಸರಾಗುತ್ತದೆ ಎಂಬ ನಿಯಮಾವಳಿಯನ್ನು ಅಂತರಜಾಲದ ಬೇರಿನ ಮಟ್ಟಕ್ಕೆ ಸಿದ್ಧಪಡಿಸಿದ್ದು ನಿಯೋ-ಬ್ರಾಹ್ಮಿ ಸಮಿತಿ ಎಂಬ, ಭಾಷಾತಜ್ಞರೂ ತಂತ್ರಜ್ಞರೂ ಕೂಡಿದ ಸ್ವಯಂಸೇವಕರ ತಂಡ. ಅದರ ಕನ್ನಡ ಪ್ರಸ್ತಾವ 2019ರಲ್ಲಿ ಐಕ್ಯಾನ್‌ನ ನಿಯಮಗಳೊಳಗೆ ಸೇರಿತು. ಕನ್ನಡ ಮತ್ತು ತೆಲುಗು ಲಿಪಿಗಳಲ್ಲಿ ರ, ಲ, ಬ, ಜ, ಅನುಸ್ವಾರ ಮುಂತಾದವು ನೋಡಲು ಬಹುತೇಕ ಒಂದೇ ಆಗಿದ್ದರೂ ಯಂತ್ರಕ್ಕೆ ಅವು ಬೇರೆ ಬೇರೆ ಸಂಖ್ಯೆಗಳು. ಹಾಗಾಗಿ ಕನ್ನಡದ ಒಂದು ಹೆಸರನ್ನೇ ಹೋಲುವ ತೆಲುಗಿನ ಹೆಸರನ್ನು ಪಡೆದು ಜನರನ್ನು ಮೋಸಗೊಳಿಸುವುದು ಸಾಧ್ಯವಿತ್ತು. ಎರಡರಲ್ಲಿ ಒಂದನ್ನು ಯಾರಾದರೂ ಪಡೆದರೆ ಇನ್ನೊಂದು ಯಾರಿಗೂ ಸಿಗದಂತೆ ತಡೆಯುವ ವ್ಯವಸ್ಥೆಯನ್ನು ಈ ತಂಡ ಮಾಡಿತು. ಇಂಥ ಅಪಾಯ ಕನ್ನಡವನ್ನೂ ತೆಲುಗನ್ನೂ ಓದಬಲ್ಲವರು ಮೇಜಿನ ಸುತ್ತ ಕುಳಿತಿದ್ದರಷ್ಟೇ ಕಾಣಿಸುತ್ತದೆ. ಐಕ್ಯಾನ್‌ನ ಕ್ಯಾಲಿಫೋರ್ನಿಯಾದ ಕಚೇರಿಯಲ್ಲಿ ಕುಳಿತವರು ಎಷ್ಟೇ ಸದುದ್ದೇಶದವರಾದರೂ ಅವರಿಗೆ ಹೊಳೆಯುವ ಸಂಗತಿ ಇದಲ್ಲ. ಕನ್ನಡ ಲಿಪಿಯಲ್ಲಿ ಬರೆಯುವ ತುಳು, ಕೊಡವ, ಬ್ಯಾರಿ ಭಾಷಿಕರಿಗೂ ಇದೇ ನಿಯಮಾವಳಿ ನೆರಳಾಗಿದೆ. ಆ ಭಾಷೆಗಳಾವುವೂ ಎಂಟನೇ ಅನುಸೂಚಿಯಲ್ಲಿಲ್ಲದ ಕಾರಣ ಅವರಿಗೆ ಬೇರೆ ಬಾಗಿಲೂ ಇಲ್ಲ.

ಅದೇ ನಿಯಮಾವಳಿಯಲ್ಲಿ ಕನ್ನಡಿಗರಿಗೆ ಚುಚ್ಚುವ ಒಂದು ಅಂಶವೂ ಇದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ’ಕಾರದ ಕೆಳಗೆ ‘ಕ’ಕಾರ ಒತ್ತಾಗಿ ಇಳಿಯದಂತೆ ನಾವು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಸೇರಿಸುತ್ತೇವೆ. ಬೇರಿನ ಮಟ್ಟದ ಹೆಸರುಗಳಲ್ಲಿ ಆ ಚಿಹ್ನೆಗೆ ಅವಕಾಶವಿಲ್ಲ. ಕೆಳಗಿನ ಹಂತದಲ್ಲಿ, ಅಂದರೆ ‘.ಭಾರತ’ಕ್ಕೆ ಮೊದಲು ಬರುವ ಹೆಸರುಗಳಲ್ಲಿ, ತಾಂತ್ರಿಕ ಮಾನಕ ಅದಕ್ಕೆ ಷರತ್ತಿನ ಅನುಮತಿ ಕೊಟ್ಟರೂ ಬ್ರೌಸರುಗಳು ಒಂದೇ ದಾರಿಯಲ್ಲಿ ನಡೆಯಲಿಲ್ಲ. ಕ್ರೋಮ್ 2023ರವರೆಗೂ ವಿಳಾಸದಿಂದ ಅದನ್ನು ಸದ್ದಿಲ್ಲದೆ ಕಿತ್ತುಹಾಕಿ ಮುಂದುವರಿಯುತ್ತಿತ್ತು. ಕಾಣದ ಚಿಹ್ನೆಯನ್ನು ಬಳಸಿ ವಂಚಿಸಬಹುದೆಂಬ ಆತಂಕ ನಿಜವೇ ಆದ್ದರಿಂದ ಈ ನಿರ್ಬಂಧವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೂ ‘ಕಾಫಿವರ್ಕ್ಸ್’, ‘ಫಾರ್ಮ್‌ಫ್ರೆಶ್’ ಮಾದರಿಯ ಇಂಗ್ಲಿಷ್ ಬೆರೆತ ಹೆಸರಿನವರು ಕೊಳ್ಳುವ ಮೊದಲು ತಮ್ಮ ಹೆಸರಿನ ನಡುವೆ ಅಂಥ ಚಿಹ್ನೆ ಇದೆಯೇ ಎಂದು ಪರೀಕ್ಷಿಸಿಕೊಳ್ಳುವುದು ಒಳಿತು. ನಮ್ಮ ಸಂಘದ್ದು ಅಪ್ಪಟ ಮಲೆನಾಡಿನ ಹೆಸರಾದ್ದರಿಂದ ಈ ತೊಡಕು ಬರಲಿಲ್ಲ.

ಕೊಳ್ಳುವ ಹಂತದ ಬಗ್ಗೆ ಹೇಳಬೇಕಾದ್ದು ಬಹಳವಿಲ್ಲ, ಇರುವುದು ಬಹುತೇಕ ದೂರೇ. ವರ್ಷದ ಶುಲ್ಕ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತದೆ. 2021ರ ಆರಂಭದಲ್ಲಿ ನಿಕ್ಸಿ ‘.ಇನ್’ ಹೆಸರು ಕೊಂಡವರಿಗೆ ಭಾರತೀಯ ಭಾಷೆಯ ಒಂದು ಹೆಸರನ್ನು ಉಚಿತವಾಗಿ ಕೊಡುವ ಯೋಜನೆಯನ್ನೂ ಪ್ರಕಟಿಸಿತ್ತು. ಬೆಲೆ ಹೀಗೆ ಕೈಗೆಟುಕುವಂತಿದ್ದರೂ ನಾನು ಮೊದಲು ಹೋದ ನೋಂದಣಿ ಕಂಪನಿಯ ಹುಡುಕು ಪೆಟ್ಟಿಗೆ ಕನ್ನಡ ಅಕ್ಷರಗಳನ್ನು ‘ಅಮಾನ್ಯ’ ಎಂದು ತಳ್ಳಿಹಾಕಿತು. ಇನ್ನೊಂದು ಕಂಪನಿ ಸ್ವೀಕರಿಸಿತು. ಆದರೆ ಬಿಲ್ಲಿನಲ್ಲೂ ನಿಯಂತ್ರಣ ಪುಟದಲ್ಲೂ ಕಾಣಿಸಿದ್ದು ಕನ್ನಡವಲ್ಲ, ‘ಎಕ್ಸ್’ ಮತ್ತು ‘ಎನ್’ ಅಕ್ಷರಗಳಿಂದ ಶುರುವಾಗಿ ಎರಡು ಅಡ್ಡಗೆರೆಗಳ ನಂತರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಅಂಕಿಗಳು ಸಾಲುಗಟ್ಟಿದ ಪ್ಯೂನಿಕೋಡ್ ರೂಪ. ಹಳೆಯ ಯಂತ್ರಗಳೂ ಅರ್ಥಮಾಡಿಕೊಳ್ಳಲೆಂದು ಒಳಗೊಳಗೆ ಬಳಸುವ ಸಂಕೇತ ಇದು. ಗ್ರಾಹಕರಿಗೆ ತೋರಿಸಲು ಮಾಡಿದ್ದಲ್ಲ. ಈ ಸಂಕೇತರೂಪ 63 ಅಕ್ಷರಗಳನ್ನು ಮೀರುವಂತಿಲ್ಲ ಎಂಬ ಮಿತಿ ಒತ್ತಕ್ಷರಗಳಿರುವ ಭಾಷೆಗೆ ಬೇಗನೆ ತಟ್ಟುತ್ತದೆ: ಓದುವಾಗ ಒಂದೇ ಅಕ್ಷರವೆನಿಸುವ ‘ಸ್ತ್ರೀ’ ಯಂತ್ರದ ಲೆಕ್ಕದಲ್ಲಿ ಆರು ಘಟಕಗಳು. ಸಂಘದ ನೋಂದಾಯಿತ ಹೆಸರಿನಲ್ಲಿದ್ದ ‘ಶ್ರೀ’ಯಿಂದ ‘ಸ್ವಸಹಾಯ ಸಂಘ’ದವರೆಗಿನ ಎಲ್ಲವನ್ನೂ ಇಡುವ ಆಸೆಯನ್ನು ಬಿಟ್ಟು ಚಿಕ್ಕ ಹೆಸರಿಗೆ ಎಲ್ಲರೂ ಒಪ್ಪಿದರು.

ಜಾಲತಾಣವಾಗಿ ಇದು ದೃಢವಾಗಿದೆ. ಹೋಸ್ಟಿಂಗ್ ಯಂತ್ರಕ್ಕೆ ಹೆಸರನ್ನು ಜೋಡಿಸುವುದು ಬೇರೆ ಯಾವ ಹೆಸರಿನಷ್ಟೇ ಸುಲಭ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2016ರಿಂದಲೇ ಇಂಥ ಹೆಸರುಗಳಿಗೆ ಉಚಿತ ಭದ್ರತಾ ಪ್ರಮಾಣಪತ್ರ ಕೊಡುತ್ತಿರುವುದರಿಂದ ಬೀಗದ ಗುರುತೂ ಬರುತ್ತದೆ. ಫೋನಿನ ಕನ್ನಡ ಕೀಲಿಮಣೆಯಲ್ಲಿ ಹೆಸರು, ಚುಕ್ಕೆ, ‘ಭಾರತ’ ಎಂದು ಒತ್ತಿದರೆ ಪುಟ ತೆರೆಯುತ್ತದೆ, ವಿಳಾಸ ಪಟ್ಟಿಯಲ್ಲಿ ಕನ್ನಡವೇ ಉಳಿಯುತ್ತದೆ. ಜಾಡಿಯ ಚೀಟಿಯ ಮೇಲೆ ಮುದ್ರಿಸಿದಾಗ ಅದರ ಬೆಲೆ ನಿಜವಾಗಿ ಗೊತ್ತಾಯಿತು. ಸಂತೆಯಲ್ಲಿ ಉಪ್ಪಿನಕಾಯಿ ಕೊಂಡ ಗ್ರಾಹಕರಿಗೆ ಸದಸ್ಯೆಯರು ಆ ಸಾಲನ್ನು ಬೆರಳಿಟ್ಟು ಓದಿ ಹೇಳುತ್ತಾರೆ. ಇಂಗ್ಲಿಷ್ ವಿಳಾಸವನ್ನು ಅವರು ಹಾಗೆ ಓದಿ ಹೇಳಿದ್ದನ್ನು ನಾನು ನೋಡಿರಲಿಲ್ಲ. ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ತಿದ್ದುಪಡಿ ಕಾಯ್ದೆ ತಂದ ರಾಜ್ಯದಲ್ಲಿ ಅದೇ ಫಲಕಗಳ ಕೆಳತುದಿಯ ಜಾಲತಾಣದ ವಿಳಾಸ ಮಾತ್ರ ಇಂಗ್ಲಿಷಿನಲ್ಲೇ ಉಳಿದಿರುವುದು ಅಂಗಡಿಯವರಿಗೂ ಕನ್ನಡ ಹೋರಾಟಗಾರರಿಗೂ ಹೊಳೆಯದೆ ಹೋದದ್ದು ಸೋಜಿಗ.

ತೊಂದರೆ ಶುರುವಾಗುವುದು ವಿಳಾಸ ಕಾಗದದಿಂದ ಪರದೆಗೆ, ಒಂದು ಪರದೆಯಿಂದ ಮತ್ತೊಂದಕ್ಕೆ ದಾಟುವಾಗ. ಬ್ರೌಸರ್‌ನಿಂದ ನಕಲು ಮಾಡಿ ಬೇರೆಡೆ ಅಂಟಿಸಿದರೆ ಹಲವು ಸಲ ಕನ್ನಡ ಮಾಯವಾಗಿ ಆ ಪ್ಯೂನಿಕೋಡ್ ಸಾಲು ಪ್ರತ್ಯಕ್ಷವಾಗುತ್ತದೆ. ಕೈಯಾರೆ ಕನ್ನಡದಲ್ಲಿ ಟೈಪಿಸಿ ಕಳಿಸಿದರೆ ಸಂದೇಶ ತಂತ್ರಾಂಶವೊಂದು ಅದನ್ನು ಒತ್ತಬಹುದಾದ ಕೊಂಡಿಯೆಂದೇ ಗುರುತಿಸಲಿಲ್ಲ. ಸಂಘದ ಅಧ್ಯಕ್ಷೆ ತಮಗೆ ಬಂದ ಇಂಥ ಸಂದೇಶವನ್ನು ತೋರಿಸಿ, “ಇದೇನು ತಮ್ಮಾ, ಬ್ಯಾಂಕಿನೋರು ಒತ್ತಬೇಡಿ ಅಂತ ಹೇಳ್ತಾರಲ್ಲ, ಅಂಥ ಕೊಂಡಿ ಇದ್ದ ಹಾಗಿದೆ” ಎಂದರು. ಅವರ ಅನುಮಾನ ಸರಿಯಾಗಿಯೇ ಇತ್ತು. ವಂಚಕರ ಕೊಂಡಿಗಳ ಬಗ್ಗೆ ಜನರಿಗೆ ಕೊಟ್ಟಿರುವ ಎಚ್ಚರಿಕೆಗಳೆಲ್ಲ ಈ ಸಾಲಿಗೆ ಅನ್ವಯಿಸುವಂತೆ ಕಾಣುವಾಗ, ಸ್ವಂತ ಭಾಷೆಯ ವಿಳಾಸವೇ ಅಪರಿಚಿತನ ವೇಷದಲ್ಲಿ ಬಾಗಿಲು ತಟ್ಟಿದಂತಾಗುತ್ತದೆ. ಇದಕ್ಕೆ ನಾವು ಕಂಡುಕೊಂಡ ಉಪಾಯ ಕ್ಯೂಆರ್ ಕೋಡ್: ಓದಲು ಕನ್ನಡ ವಿಳಾಸ, ಸ್ಕ್ಯಾನ್ ಮಾಡಲು ಅದರ ಪಕ್ಕದಲ್ಲಿ ಕೋಡ್. ಈಗ ಯಾರೂ ವಿಳಾಸ ಟೈಪಿಸುವುದಿಲ್ಲ, ಎಲ್ಲರೂ ಹುಡುಕಿಯೋ ಸ್ಕ್ಯಾನ್ ಮಾಡಿಯೋ ಬರುತ್ತಾರೆ, ಆದ್ದರಿಂದ ಇದೆಲ್ಲ ಅನಗತ್ಯ ಎನ್ನುವವರಿದ್ದಾರೆ. ಗ್ರಾಹಕರ ಮಟ್ಟಿಗೆ ಆ ಮಾತಿನಲ್ಲಿ ಅರ್ಧ ಸತ್ಯವಿದೆ, ಆದರೆ ಅಂಗಡಿಯ ಒಡತಿಯರಿಗೆ ಅದು ಅನ್ವಯಿಸುವುದಿಲ್ಲ. ತಮ್ಮ ಹೆಸರು ಯಾವುದೋ ಮಾರಾಟ ಆ್ಯಪ್‌ನ ಒಳಗಿನ ಒಂದು ಸಂಖ್ಯೆಯಾಗಿ ಕರಗಿಹೋಗಬಾರದು ಎಂದಿರುವವರಿಗೆ ಸ್ವಂತ ವಿಳಾಸವೇ ಆಧಾರ.

ಇಮೇಲ್ ವಿಷಯದಲ್ಲಿ ಈ ಸೇವೆಗೆ ಪಾಸಾಗುವಷ್ಟು ಅಂಕ ಕೊಡಲಾರೆ. ‘@’ ಚಿಹ್ನೆಯ ಎರಡೂ ಬದಿಯಲ್ಲಿ ಕನ್ನಡವಿರುವ ಇಮೇಲ್ ವಿಳಾಸಕ್ಕೆ ಬೇಕಾದ ಮಾನಕಗಳು 2012ರಲ್ಲೇ ಸಿದ್ಧವಾದವು. 2014ರಲ್ಲಿ ಜಿಮೇಲ್ ಅಂಥ ವಿಳಾಸಗಳೊಂದಿಗೆ ಪತ್ರವ್ಯವಹಾರಕ್ಕೆ ದಾರಿ ಮಾಡಿತು; 2017ರಲ್ಲಿ ರಾಜಸ್ಥಾನ ಸರ್ಕಾರ ತನ್ನ ಪ್ರಜೆಗಳಿಗೆ ದೇವನಾಗರಿ ಇಮೇಲ್ ಕೊಡುವ ಯೋಜನೆ ಆರಂಭಿಸಿತು. ಹಾಗಿದ್ದರೂ ನಮ್ಮ ಸಂಘದ ಕನ್ನಡ ಇಮೇಲ್ ವಿಳಾಸವನ್ನು ಬ್ಯಾಂಕೊಂದರ ಅರ್ಜಿಯಲ್ಲಿ, ಒಂದು ಪಾರ್ಸೆಲ್ ಕಂಪನಿಯ ನೋಂದಣಿಯಲ್ಲಿ, ಹಣ ಪಾವತಿ ಸೇವೆಯೊಂದರಲ್ಲಿ, ಸರ್ಕಾರಿ ಕಚೇರಿಯೊಂದರ ನಮೂನೆಯಲ್ಲಿ ತುಂಬಿ ನೋಡಿದಾಗ ಬಂದ ಉತ್ತರ ಒಂದೇ: ‘ದಯವಿಟ್ಟು ಸರಿಯಾದ ಇಮೇಲ್ ನಮೂದಿಸಿ’. ಆ ಸರ್ಕಾರಿ ನಮೂನೆಯ ಉಳಿದ ಎಲ್ಲ ಸಾಲುಗಳೂ ಅಚ್ಚಗನ್ನಡದಲ್ಲಿದ್ದವು ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಪತ್ರವನ್ನು ತಲುಪಿಸುವ ಯಂತ್ರಗಳು ಎಡವುವ ಮೊದಲೇ, ಇಮೇಲ್ ಎಂದರೆ ‘ಎ’ಯಿಂದ ‘ಝಡ್’ವರೆಗಿನ ಅಕ್ಷರಗಳು ಮಾತ್ರ ಎಂದು ಎಂದೋ ಯಾರೋ ಬರೆದು, ಎಲ್ಲರೂ ನಕಲು ಮಾಡಿಕೊಂಡ ಒಂದೇ ಸಾಲಿನ ತಪಾಸಣೆ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಆ ಸಾಲನ್ನು ತಿದ್ದುವುದು ಪ್ರೋಗ್ರಾಂ ಬರೆಯುವವರಿಗೆ ಒಂದು ಮಧ್ಯಾಹ್ನದ ಕೆಲಸ. ಹಾಗೆ ತಿದ್ದಬೇಕೆಂದು ಅವರಿಗೆ ಹೇಳುವ ಅಧಿಕಾರ ಮಾತ್ರ ಯಾರ ಕೈಯಲ್ಲೂ ಇಲ್ಲ.

ಹೀಗೆ ನೋಡಿದರೆ ಈ ಸೇವೆಯ ಕೊರತೆ ಅದನ್ನು ಮಾರುವವರಿಗಿಂತ ಮೇಲಿನ ಹಂತದಲ್ಲಿದೆ. 1998ರಲ್ಲಿ ಹುಟ್ಟಿದ ಐಕ್ಯಾನ್, 2016ರ ಅಕ್ಟೋಬರ್ 1ರಂದು ಅಮೆರಿಕ ಸರ್ಕಾರದ ಒಪ್ಪಂದದ ಮೇಲ್ವಿಚಾರಣೆಯಿಂದ ಹೊರಬಂದು, ಸರ್ಕಾರ, ಕಂಪನಿ, ತಂತ್ರಜ್ಞ, ಬಳಕೆದಾರರೆಲ್ಲ ಕೂಡಿ ತೀರ್ಮಾನಿಸುವ ವ್ಯವಸ್ಥೆಯೆಂದು ತನ್ನನ್ನು ಕರೆದುಕೊಳ್ಳುತ್ತದೆ. ಆ ಬಿಡುಗಡೆಯ ನಂತರದ ಅದರ ಮೊದಲ ದೊಡ್ಡ ಸಭೆ ನಡೆದದ್ದು ನಮ್ಮ ನೆರೆಯ ಹೈದರಾಬಾದಿನಲ್ಲಿ, ಅದೇ ನವೆಂಬರ್‌ನಲ್ಲಿ. ಜಗತ್ತಿನ ಮೂಲೆಮೂಲೆಗಳಿಂದ ಬಂದಿದ್ದ ಪ್ರತಿನಿಧಿಗಳು ಸಭೆ ಮುಗಿಯುವ ಹೊತ್ತಿಗೆ ಜೇಬಿನಲ್ಲಿದ್ದ ಐನೂರರ ನೋಟು ಚಲಾವಣೆ ಕಳೆದುಕೊಂಡದ್ದನ್ನೂ ಕಂಡರು. ಅದಕ್ಕೂ ಮೊದಲು 2008ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಅಂತರಜಾಲ ಆಡಳಿತ ವೇದಿಕೆ ಅದೇ ಊರಿನಲ್ಲಿ ‘ಎಲ್ಲರಿಗೂ ಅಂತರಜಾಲ’ ಎಂಬ ಘೋಷವಾಕ್ಯದಡಿ ಸೇರಿತ್ತು. ಬಾಗಿಲು ಎಲ್ಲರಿಗೂ ತೆರೆದಿದೆ ಎಂಬುದು ನಿಜ. ದೂರದಿಂದಲೇ ಭಾಗವಹಿಸಬಹುದು, ಪ್ರವೇಶ ಶುಲ್ಕವೂ ಇಲ್ಲ. ಆದರೆ ಐಕ್ಯಾನ್ ಸಭೆಗಳ ಅನುವಾದ ಸೌಲಭ್ಯ ಮುಖ್ಯವಾಗಿ ವಿಶ್ವಸಂಸ್ಥೆಯ ಆರು ಭಾಷೆಗಳಿಗೆ, ಮತ್ತು ಭಾರತದ ಯಾವ ಭಾಷೆಯೂ ಆ ಆರರಲ್ಲಿಲ್ಲ. ಕನ್ನಡ ಲಿಪಿಯ ನಿಯಮಗಳನ್ನು ವಿವರಿಸುವ ದಾಖಲೆ ಕೂಡ ಇಂಗ್ಲಿಷಿನಲ್ಲಿದೆ. ಕನ್ನಡ ಹೆಸರುಗಳ ಭವಿಷ್ಯದ ಬಗ್ಗೆ ಅಭಿಪ್ರಾಯ ಕೊಡಬೇಕಾದ ನಮ್ಮ ಅಧ್ಯಕ್ಷೆಯಂಥವರು ಅದನ್ನು ಓದಲಾರರು.

ಹಣದ ಲೆಕ್ಕ ಇನ್ನೂ ಸ್ಪಷ್ಟ. ವಿಳಾಸದ ಕೊನೆಗೆ ಹೊಸ ಹೆಸರುಗಳನ್ನು ಬೇಡುವ ಅವಕಾಶವನ್ನು ಐಕ್ಯಾನ್ 2012ರಲ್ಲಿ ತೆರೆದಾಗ ಅರ್ಜಿಯೊಂದರ ಶುಲ್ಕ 1,85,000 ಡಾಲರ್ ಇತ್ತು. ಬಂದ 1,930 ಅರ್ಜಿಗಳಲ್ಲಿ ಉತ್ತರ ಅಮೆರಿಕದಿಂದ 911, ಇಡೀ ಆಫ್ರಿಕಾ ಖಂಡದಿಂದ 17. ಇಂಗ್ಲಿಷೇತರ ಲಿಪಿಗಳ ಹೆಸರು ಕೋರಿದವು 116 ಮಾತ್ರ. ಆ ಸುತ್ತಿನಲ್ಲಿ ವೇಲ್ಸ್‌ನವರು ತಮ್ಮ ನಾಡಿನ ಹೆಸರನ್ನು ವೆಲ್ಷ್ ಭಾಷೆಯಲ್ಲೇ ಪಡೆದರು. ವೇಲ್ಸ್‌ನಲ್ಲಿ ಆ ಭಾಷೆ ಬಲ್ಲವರು 2021ರ ಜನಗಣತಿಯ ಪ್ರಕಾರ 5.38 ಲಕ್ಷ. ಸ್ಪೇನ್‌ನ ಕೆಟಲಾನ್ ಭಾಷಿಕರಿಗೆ ಅಂಥದು ಅದಕ್ಕೂ ಮೊದಲೇ ಇತ್ತು. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 4.37 ಕೋಟಿ, ‘.ಕನ್ನಡ’ ಎಂಬ ಹೆಸರಿಗೆ ಆಗ ಯಾರೂ ಅರ್ಜಿ ಹಾಕಲಿಲ್ಲ. 2026ರ ಸುತ್ತಿಗೆ ನಿಗದಿಯಾದ ಶುಲ್ಕ 2,27,000 ಡಾಲರ್, ಅಂದರೆ ಸುಮಾರು ಎರಡು ಕೋಟಿ ರೂಪಾಯಿ. ಅರ್ಹ ಸಂಸ್ಥೆಗಳಿಗೆ ಅದರಲ್ಲಿ ಮುಕ್ಕಾಲು ಪಾಲಿಗೂ ಮೀರಿದ ರಿಯಾಯಿತಿ ಸಿಗುವಂತೆ ಬೆಂಬಲ ಕಾರ್ಯಕ್ರಮವೊಂದನ್ನು ರೂಪಿಸಲಾಯಿತು. ಈ ಸುದ್ದಿ ಕನ್ನಡದ ಸಂಘ ಸಂಸ್ಥೆಗಳ ಅಂಗಳದಲ್ಲಿ ಚರ್ಚೆಯಾದದ್ದನ್ನು ನಾನು ಕೇಳಲಿಲ್ಲ. ಇದರ ತಪ್ಪನ್ನೆಲ್ಲ ಐಕ್ಯಾನ್ ಮೇಲೆ ಹೊರಿಸಲೂ ಆಗದು. ರಾಜ್ಯ ಸರ್ಕಾರವೋ ವಿಶ್ವವಿದ್ಯಾಲಯವೋ ಮನಸ್ಸು ಮಾಡಿದ್ದರೆ ಈ ಮೊತ್ತ ಭರಿಸಲಾಗದ್ದೇನಲ್ಲ.

ಎಲ್ಲ ಲಿಪಿಗಳ ವಿಳಾಸಗಳನ್ನೂ ಎಲ್ಲ ತಂತ್ರಾಂಶಗಳೂ ಸ್ವೀಕರಿಸುವಂತೆ ಮಾಡಲು 2015ರಲ್ಲಿ ಒಂದು ಜಾಗತಿಕ ಚಾಲನಾ ಸಮಿತಿ ರಚನೆಯಾಯಿತು. 2023ರ ಮಾರ್ಚ್‌ನಲ್ಲಿ ಅದಕ್ಕೆಂದೇ ಮೊದಲ ಸಾರ್ವತ್ರಿಕ ಸ್ವೀಕಾರ ದಿನ ಆಚರಿಸಲಾಯಿತು. ಮರುವರ್ಷ ನಿಕ್ಸಿ ಇದೇ ಉದ್ದೇಶಕ್ಕೆ ಭಾಷಾನೆಟ್ ಎಂಬ ಪೋರ್ಟಲ್ ತೆರೆಯಿತು. ಇವೆಲ್ಲ ಮನವೊಲಿಕೆಯ ಮಾರ್ಗಗಳು, ಮತ್ತು ಮನವೊಲಿಕೆಗೆ ದಶಕವೊಂದು ಸಾಕಷ್ಟು ದೀರ್ಘ ಕಾಲ. ಬೇರಿನ ಮಟ್ಟದಲ್ಲಿ ನಿಯಮ ಕಟ್ಟುನಿಟ್ಟಾಗಿದ್ದುದರಿಂದಲೇ ಕನ್ನಡಕ್ಕೆ ಅಲ್ಲಿ ಭದ್ರವಾದ ಜಾಗ ಸಿಕ್ಕಿತು. ಅರ್ಜಿ ನಮೂನೆಗಳ ಮಟ್ಟದಲ್ಲಿ ನಿಯಮವೇ ಇಲ್ಲದ್ದರಿಂದ ಪ್ರತಿ ಕಂಪನಿಯೂ ತನ್ನಷ್ಟಕ್ಕೆ ತಾನೇ ಕಾವಲುಗಾರ. ಸರ್ಕಾರಿ ಜಾಲತಾಣ, ಆ್ಯಪ್‌ಗಳ ಟೆಂಡರ್ ಷರತ್ತುಗಳಲ್ಲಿ ‘ಕನ್ನಡ ಲಿಪಿಯ ಇಮೇಲ್ ಮತ್ತು ಡೊಮೇನ್ ಸ್ವೀಕರಿಸತಕ್ಕದ್ದು’ ಎಂಬ ಒಂದು ವಾಕ್ಯ ಸೇರಿದರೆ, ಅದೇ ಗುತ್ತಿಗೆದಾರರು ಖಾಸಗಿಯವರಿಗೂ ಕೆಲಸ ಮಾಡುವುದರಿಂದ, ಬದಲಾವಣೆ ತಾನಾಗಿ ಹರಡುತ್ತದೆ ಎಂದು ನನ್ನ ಅಂದಾಜು.

ಈಗ ಯಾರು ಕೊಳ್ಳಬಹುದು ಎಂಬ ಪ್ರಶ್ನೆ. ಸ್ಥಳೀಯ ಗ್ರಾಹಕರನ್ನೇ ನಂಬಿರುವ ಅಂಗಡಿ, ಗ್ರಾಮ ಪಂಚಾಯಿತಿ, ಗ್ರಂಥಾಲಯ, ನಾಟಕ ತಂಡ, ಪ್ರಕಾಶನ ಸಂಸ್ಥೆಗಳು ಧಾರಾಳವಾಗಿ ಕೊಳ್ಳಬಹುದು. ಆದರೆ ಇದನ್ನೇ ಏಕೈಕ ವಿಳಾಸವಾಗಿ ಇಟ್ಟುಕೊಳ್ಳಬೇಡಿ. ಇಂಗ್ಲಿಷ್ ಹೆಸರೊಂದನ್ನೂ ಉಳಿಸಿಕೊಂಡು ಎರಡೂ ಒಂದೇ ಪುಟಕ್ಕೆ ಬರುವಂತೆ ಜೋಡಿಸಿ. ಮುದ್ರಣಕ್ಕೂ ಫಲಕಕ್ಕೂ ಕನ್ನಡದ್ದನ್ನು, ಬ್ಯಾಂಕು ಮತ್ತು ಪಾವತಿಯ ವ್ಯವಹಾರಕ್ಕೆ ಇಂಗ್ಲಿಷಿನದ್ದನ್ನು ಬಳಸಿ. ಹೆಸರು ಚಿಕ್ಕದಾಗಿರಲಿ, ಹಲವು ಬಗೆಯಲ್ಲಿ ಬರೆಯಬಹುದಾದ ಕಾಗುಣಿತ ಬೇಡ. ಸಂದೇಶದಲ್ಲಿ ಕಳಿಸುವಾಗ ಪ್ಯೂನಿಕೋಡ್ ರೂಪವನ್ನು ಎಂದೂ ಅಂಟಿಸಬೇಡಿ, ಕ್ಯೂಆರ್ ಕೋಡಿನ ಚಿತ್ರವನ್ನೇ ಕಳಿಸಿ. ಕನ್ನಡ ಇಮೇಲನ್ನು ಪ್ರಯೋಗಕ್ಕಾಗಿ ಇಟ್ಟುಕೊಳ್ಳಬಹುದು, ಓಟಿಪಿ ಬರಬೇಕಾದ ಯಾವ ಕೆಲಸಕ್ಕೂ ಕೊಡಬಾರದು. ಜಾಲತಾಣಕ್ಕೆ ಐದರಲ್ಲಿ ನಾಲ್ಕು, ಖರೀದಿಯ ಅನುಭವಕ್ಕೆ ಎರಡು, ಇಮೇಲಿಗೆ ಒಂದು ಅಂಕ ಕೊಡುತ್ತೇನೆ. ಸಂಘದ ಸಭೆಯಲ್ಲಿ ನವೀಕರಣದ ಶುಲ್ಕದ ಮಾತು ಬಂದಾಗ ಸದಸ್ಯೆಯರು ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಲು ತೀರ್ಮಾನಿಸಿದರು. ಮುಂದಿನ ಕಂತಿನ ಜಾಡಿಗಳ ಚೀಟಿಯಲ್ಲಿ ಕನ್ನಡ ವಿಳಾಸದ ಅಕ್ಷರಗಳನ್ನು ದೊಡ್ಡದು ಮಾಡಿ, ಇಂಗ್ಲಿಷಿನದ್ದನ್ನು ಅದರ ಕೆಳಗೆ ಸಣ್ಣದಾಗಿ ಹಾಕಿಸಲು ಮುದ್ರಣಾಲಯಕ್ಕೆ ಹೇಳಿಯಾಗಿದೆ.